ನಮಸ್ಕಾರ ಹೇಳುವ ಗೊಂಬೆಗೆ ಡ್ರೈವರ್ ಬರೆಸಿದ ವಾರ

ಅಂಗಡಿ ತೆರೆದು ಕೂತವನಿಗೆ ಇಂಥವು ಆಗುತ್ತಲೇ ಇರುತ್ತವೆ. ಆದರೆ ಮರದ ಗೊಂಬೆಗೆ ಮಾತು ಕಲಿಸಲು ಹೊರಟ ಆ ವಾರ ಆದಷ್ಟು ನನ್ನ ಮೂವತ್ತು ವರ್ಷದ ವ್ಯಾಪಾರದಲ್ಲಿ ಆಗಿಲ್ಲ.

ಆಗ ಚೀನಾ ಪ್ಲಾಸ್ಟಿಕ್ ಬಂದು ಚನ್ನಪಟ್ಟಣದ ನಮ್ಮ ಬೀದಿಯಲ್ಲಿ ಗೊಂಬೆ ಕಡೆಯುವ ಲೇತುಗಳಲ್ಲಿ ಅರ್ಧ ನಿಂತಿದ್ದವು. ಬೆಂಗಳೂರಿನ ಹೋಟೆಲ್ ಮಾಲೀಕರೊಬ್ಬರು, "ಹೋಟೆಲ್ ಬಾಗಿಲಲ್ಲಿಡೋಕೆ ಗೊಂಬೆ ಬೇಕು. ಜನ ಹತ್ತಿರ ಬಂದರೆ ನಮಸ್ಕಾರ ಹೇಳಬೇಕು, ದೀಪ ಆರಿಸಿದರೆ ಸುಮ್ಮನಾಗಬೇಕು. ಶನಿವಾರ ತೋರಿಸಿ. ಹಿಡಿಸಿದರೆ ಇಪ್ಪತ್ತು ಗೊಂಬೆ, ಇಲ್ಲದಿದ್ದರೆ ಪ್ಲಾಸ್ಟಿಕ್ಕೇ ತರಿಸ್ತೀನಿ" ಅಂದರು. ನಾನು ಬಿಡುವ ಆಸಾಮಿಯಲ್ಲ. ಗೊಂಬೆಯ ಹೊಟ್ಟೆಯಲ್ಲಿ ಪುಟ್ಟ ಕಂಪ್ಯೂಟರ್ ಬೋರ್ಡು, ಎದೆಯಲ್ಲಿ ಬೆಳಕನ್ನೂ ಹತ್ತಿರ ಬಂದವರನ್ನೂ ಗುರುತಿಸುವ ಸೆನ್ಸರ್. ಸೆನ್ಸರ್ ಕಂಡದ್ದನ್ನು ಬೋರ್ಡಿಗೆ ಮುಟ್ಟಿಸಲು ಕರ್ನಲ್ ಡ್ರೈವರ್ ಅನ್ನುವ ಪ್ರೋಗ್ರಾಮ್ ಬೇಕಂತೆ. ಅದನ್ನು ಬರೆಯಲು ಬಿಡದಿಯಿಂದ ಇಂಜಿನಿಯರ್ ಒಬ್ಬರನ್ನು ಕರೆತಂದು ಅಂಗಡಿಯಲ್ಲೇ ಮೇಜು ಹಾಕಿಕೊಟ್ಟೆ.

ಕಾಣದ ತೂತು

ಎದುರಿಗೆ ಯಾರೂ ಇಲ್ಲದಿದ್ದರೂ ಸೆನ್ಸರ್ "ಯಾರೋ ಇದಾರೆ" ಅನ್ನುತ್ತಿತ್ತು. ಇಂಜಿನಿಯರು ಎರಡು ದಿನ ಡ್ರೈವರನ್ನು ಬರೆದರು, ಅಳಿಸಿದರು, ಮತ್ತೆ ಬರೆದರು. ಕೊನೆಗೆ ಗೊಂಬೆಯ ಎದೆ ತಡವಿ ನೋಡಿದರೆ ಸೆನ್ಸರಿಗೆ ಬಿಟ್ಟ ತೂತೇ ಇಲ್ಲ. ಲೇತಿನಲ್ಲಿ ಗೊಂಬೆ ಕಡೆಯುವ ಸಾಬರು ಅದಕ್ಕೆ ಅರಗು ತುಂಬಿ, ತಾಳೆಗರಿಯಲ್ಲಿ ಉಜ್ಜಿ, ಹೊಳಪು ಕೊಟ್ಟಿದ್ದರು. ಸೆನ್ಸರಿಗೆ ಕಾಣುತ್ತಿದ್ದುದು ಆ ಅರಗೇ.

"ತೂತಿರೋ ಮಾಲು ನನ್ನ ಕೈಯಿಂದ ಆಚೆ ಹೋಗಿಲ್ಲ ಸ್ವಾಮಿ" ಅಂದರು ಸಾಬರು.

"ಎರಡು ದಿನ ಹಾಳಾಯ್ತಲ್ಲ ಸಾಬ್ರೆ" ಅಂದರು ಇಂಜಿನಿಯರು.

"ಅದೇ ಮತ್ತೆ, ಕೆಲಸ ಹೆಂಗೈತೆ ನೋಡಿ. ಓದಿದೋರಿಗೇ ಎರಡು ದಿನ ಸಿಕ್ಕಿಲ್ಲ."

ಮಧ್ಯಾಹ್ನದ ನಿದ್ದೆ

ತೂತು ಕೊರೆದು ಗೊಂಬೆಯನ್ನು ಜಗಲಿಯ ಮೇಲಿಟ್ಟೆವು. ಬೆಳಿಗ್ಗೆಯೆಲ್ಲ ಚೆನ್ನಾಗಿ ಮಾತಾಡಿತು. ಎರಡು ಗಂಟೆಯ ಉರಿಬಿಸಿಲಿಗೆ ಬಾಯಿ ಕಟ್ಟಿತು. ಬೆಳಕು ಮಿತಿ ಮೀರಿದಾಗ ಡ್ರೈವರಿನ ಎಣಿಕೆ ತುಂಬಿ ಸೊನ್ನೆಗೆ ಬೀಳುತ್ತಿತ್ತಂತೆ. ಗೊಂಬೆ ಅದನ್ನೇ ಕತ್ತಲೆ ಅಂದುಕೊಂಡು ಮಲಗುತ್ತಿತ್ತು.

ಇಂಜಿನಿಯರು ತಲೆ ಮೇಲೆ ಕೈ ಹೊತ್ತು ಕೂತು, ಮತ್ತೆ ಡ್ರೈವರ್ ತಿದ್ದತೊಡಗಿದರು. ಊಟ ಮುಗಿಸಿ ಚಾಪೆ ಬಿಡಿಸುತ್ತಿದ್ದ ಸಾಬರು, "ಈ ಹೊತ್ತಲ್ಲಿ ಮಲಗದೆ ಇನ್ನೇನು ಮಾಡ್ತದೆ? ಅದೂ ಚನ್ನಪಟ್ಟಣದ್ದೇ ತಾನೆ" ಅಂದು ಪಕ್ಕಕ್ಕೆ ತಿರುಗಿದರು.

ಬಿಡದ ಮರ್ಯಾದೆ

ಗುರುವಾರ ಕೂಟಗಲ್ಲಿನ ಗೌಡರೊಬ್ಬರು ಮೊಮ್ಮಗಳಿಗೆ ಬುಗುರಿ ಕೊಳ್ಳಲು ಬಂದರು. ಗೊಂಬೆ ನಮಸ್ಕಾರ ಅಂತು. ಗೌಡರು ಕೈ ಮುಗಿದು ನಮಸ್ಕಾರ ಅಂದರು. ಎದುರಿಗೆ ಕೈ ಬಂತಲ್ಲ, ಗೊಂಬೆ ಮತ್ತೆ ನಮಸ್ಕಾರ ಅಂತು. ಗೌಡರೂ ಮತ್ತೆ ಮುಗಿದರು. ಹೀಗೆ ಎಂಟು ಹತ್ತು ಸಲ ಆಯಿತು.

"ಗೌಡ್ರೆ, ಅದು ಗೊಂಬೆ, ಬಿಟ್ಬಿಡಿ" ಅಂದೆ.

"ಅದು ಬುಡ್ಲಿ, ನಾನೂ ಬುಡ್ತೀನಿ. ಮರ್ಯಾದೆ ಕೊಡ್ತಾ ಐತೆ, ಹೆಂಗಪ್ಪ ಸುಮ್ಕಿರದು?"

ಒಬ್ಬರಿಗೆ ಒಂದೇ ನಮಸ್ಕಾರ, ಅವರು ದೂರ ಹೋಗುವ ತನಕ ಮತ್ತೆ ಇಲ್ಲ ಅಂತ ಇಂಜಿನಿಯರು ಅಲ್ಲೇ ಡ್ರೈವರ್ ತಿದ್ದಿದರು. ಗೊಂಬೆ ಸುಮ್ಮನಾಯಿತು. ಗೌಡರು ಉಸಿರು ಬಿಟ್ಟು, "ಒಳ್ಳೇದಾಯ್ತು ಕಣಪ್ಪ. ನಮ್ಮ ಬೀಗ್ರಿಗೂ ಒಸಿ ಹಿಂಗೇ ಮಾಡ್ಕೊಡಾಕಾಯ್ತದಾ?" ಅಂದರು.

ಕರಿ ಕೋಟು

ಶನಿವಾರ ಹೋಟೆಲ್ ಮಾಲೀಕರು ಯಾವುದೋ ಆರತಕ್ಷತೆಗೆ ಹೊರಟವರು ಕರಿ ಕೋಟಿನಲ್ಲೇ ಬಂದರು. ಗೊಂಬೆಯ ಮುಂದೆ ನಿಂತರು. ಸದ್ದಿಲ್ಲ. ಬಗ್ಗಿದರು. ಸದ್ದಿಲ್ಲ.

ಇಂಜಿನಿಯರು ನನ್ನ ಕಿವಿಯಲ್ಲಿ, "ಸಾರ್, ಸೆನ್ಸರ್ ಬಿಡೋ ಬೆಳಕನ್ನ ಕಪ್ಪು ಬಟ್ಟೆ ನುಂಗ್ತಾ ಇದೆ, ವಾಪಸ್ ಬರ್ತಾ ಇಲ್ಲ. ಗೊಂಬೆ ಲೆಕ್ಕದಲ್ಲಿ ಅಲ್ಲಿ ಯಾರೂ ಇಲ್ಲ. ಐದು ನಿಮಿಷ ಬೇಕು" ಅಂದರು.

ಬೀರುವಿನಿಂದ ಬಿಳಿ ಶಾಲು ತೆಗೆದೆ. "ನಮ್ಮಲ್ಲಿ ಮೊದಲು ಸನ್ಮಾನ ಸಾರ್" ಅಂತ ಹೊದಿಸಿಯೇ ಬಿಟ್ಟೆ. ಗೊಂಬೆ, "ನಮಸ್ಕಾರ, ಬನ್ನಿ" ಅಂತು.

ಮಾಲೀಕರೂ ವ್ಯಾಪಾರಸ್ಥರೇ. ದೂರ ಹೋಗಿ ಶಾಲು ತೆಗೆದು ಬಂದರು, ಗೊಂಬೆ ಮೂಕ. ಹೊದ್ದು ಬಂದರು, ನಮಸ್ಕಾರ. "ಏನ್ರೀ ಇದು?" ಅಂದರು. ಸುಳ್ಳು ನಡೆಯೋದಿಲ್ಲ ಅಂತ ಗೊತ್ತಾಗಿ ಇದ್ದದ್ದು ಹೇಳಿದೆ. ಅಷ್ಟರಲ್ಲಿ ಇಂಜಿನಿಯರು ಡ್ರೈವರಿನಲ್ಲಿ ಒಂದು ಅಂಕಿ ತಿದ್ದಿದ್ದರು. ಈ ಸಲ ಕರಿ ಕೋಟಿಗೂ ನಮಸ್ಕಾರ ಬಂತು.

"ಸರಿ, ಇಪ್ಪತ್ತು ಮಾಡಿ" ಅಂದರು ಮಾಲೀಕರು. ಸಾಬರು ಆಗಲೇ ಲೇತಿನ ಕಡೆ ನಡೆದರು. ಮಾಲೀಕರು ತಡೆದರು.

"ಹತ್ತೊಂಬತ್ತು ಹೀಗೆ ಇರಲಿ. ಒಂದು ಮಾತ್ರ ತಿದ್ದಬೇಡಿ, ಕರಿ ಕೋಟು ಕಾಣದ ಹಾಗೇ ಕೊಡಿ."

"ಯಾಕೆ ಸಾರ್?"

"ಕೋರ್ಟಿನ ಎದುರಿಗೆ ನನ್ನದೊಂದು ಹೋಟೆಲ್ ಇದೆ. ಲಾಯರುಗಳು ಒಂದು ಕಾಫಿಗೆ ಮೂರು ಗಂಟೆ ಕೂರ್ತಾರೆ. ಅವರಿಗೆ ನಮಸ್ಕಾರ ಬೇರೆ ಹೇಳಿದ್ರೆ ಊಟಕ್ಕೂ ಎದ್ದು ಮನೆಗೆ ಹೋಗಲ್ಲ."