ಅತ್ತೆಯ ಮೂರು ಕಟಿಂಗು

ನಮ್ಮ ಸೋದರತ್ತೆ ವೈದ್ಯಶಾಸ್ತ್ರ ಓದಿರಲಿಲ್ಲ ನಿಜ. ಆದರೆ ಮದ್ರಾಸಿನಲ್ಲಿ ಪ್ಲಾಸ್ಟಿಕ್ ಸರ್ಜನ್ ಒಬ್ಬರಿಗೆ ಕಟಿಂಗ್ ಪಾಠ ಹೇಳಿ ಬಂದವಳು ಅವಳೊಬ್ಬಳೇ! ನಗಬೇಡಿ, ಪಕ್ಕದ ಕುರ್ಚಿಯಲ್ಲಿ ನಾನೇ ಕೂತಿದ್ದೆ.

ಅತ್ತೆ ಮದುವೆಯಾಗಲಿಲ್ಲ, ಮದ್ರಾಸಿನ ನಮ್ಮ ತವರಿನಲ್ಲೇ ಅಪ್ಪನ ಜೊತೆ ಇದ್ದಳು. ಹಗಲು ಇನ್ಶೂರೆನ್ಸ್ ಆಫೀಸು, ಸಂಜೆ ಹೊಲಿಗೆ ಮಿಷನ್ನು. ಬಳಗದ ಹೆಂಗಸರ ರವಿಕೆಗಳೆಲ್ಲ ಅವಳ ಕೈಯವೇ. ಅವಳ ಶಾಸನ ಒಂದೇ: ಹೊಲಿಗೆ ಹೊರಗೆ ಕಾಣಬಾರದು. ಒಂದು ದಾರ ಇಣುಕಿದರೂ ಇಡೀ ರವಿಕೆ ಬಿಚ್ಚುವಳು. ಮದುವೆಮನೆಗೆ ಹೊರಟು ನಿಂತಿದ್ದ ನಮ್ಮಮ್ಮನ ಮೈಮೇಲಿನದನ್ನೂ ಬಿಚ್ಚಿಸಿದ್ದಳು.

ಎರಡು ಹೆತ್ತು, ಹಾಲೂಡಿಸಿ, ಟೈಫಾಯಿಡಿನಲ್ಲಿ ಮೈ ಇಳಿದ ಮೇಲೆ ನನ್ನ ಎದೆ ಜೋತುಬಿದ್ದಿತ್ತು. ಇನ್ನೂ ಮೂವತ್ತಾಗಿರಲಿಲ್ಲ, ಕನ್ನಡಿ ಕಂಡರೆ ಮುಖ ತಿರುಗಿಸುತ್ತಿದ್ದೆ. ಯಾರಿಗೆ ಹೇಳುವುದು? ಅತ್ತೆ ಅಳತೆ ತೆಗೆಯುವಾಗ ಅಳು ನುಗ್ಗಿತು. ಎತ್ತಿ ಕಟ್ಟುವ ಆಪರೇಷನ್ ಇದೆಯಂತೆ, ಯಾರಿಗೂ ಗೊತ್ತಾಗಬಾರದು ಎಂದೆ.

"ಅದಕ್ಕ್ಯಾಕೆ ಅಳ್ತೀಯ? ಹೋಗಿ ಕೇಳೋಣ ಕಣೇ. ಮಾಡಿಸೋದು ಬಿಡೋದು ಆಮೇಲೆ," ಎಂದು ಟೇಪು ಸುತ್ತಿಟ್ಟಳು.

ನುಂಗಂಬಾಕ್ಕಂನ ಆ ಡಾಕ್ಟರು ಮೂರು ಚಿತ್ರ ಬರೆದು ತೋರಿಸಿದರು. (ಮಾತೆಲ್ಲ ತಮಿಳಿನಲ್ಲಿ, ನಾನು ಕನ್ನಡಿಸುತ್ತಿದ್ದೇನೆ.) ತೊಟ್ಟಿನ ಸುತ್ತ ಮಾತ್ರ ಕೊಯ್ದರೆ ಕಲೆ ಕಡಿಮೆ, ಏರುವುದೂ ಕಡಿಮೆ. ಅಲ್ಲಿಂದ ಕೆಳಕ್ಕೊಂದು ನೇರ ಗೀರು ಸೇರಿಸಿದರೆ ಆಕಾರ ಚೆನ್ನ, ಗೀರೊಂದು ಜಾಸ್ತಿ. ಬುಡದ ಮಡಿಕೆಯುದ್ದಕ್ಕೂ ಕೊಯ್ದರೆ ಎಷ್ಟು ಜೋತಿದ್ದರೂ ಏರೀತು, ಆದರೆ ಕಲೆ ಎಲ್ಲಕ್ಕಿಂತ ಉದ್ದ.

ಅತ್ತೆ ಕನ್ನಡಕ ಏರಿಸಿದಳು. "ಡಾಕ್ಟ್ರೇ, ಸುತ್ತ ದಾರ ಹಾಕಿ ಬಿಗಿದರೆ ಸುಕ್ಕು ಬೀಳಲ್ವೇ? ಮುಂದೆ ಚಪ್ಪಟೆ ಆಗಲ್ವೇ?"

ಡಾಕ್ಟರು ಪೆನ್ನು ಕೆಳಗಿಟ್ಟರು. "ಆಗಬಹುದು. ತಾವು ನರ್ಸಾ?"

"ಅಲ್ಲ, ರವಿಕೆ ಹೊಲೀತೀನಿ. ಎರಡನೆಯದು ಆಕಾರ ಬರಲಿ ಅಂತ ಮಡಿಸಿ ಹೊಲಿಯೋ ನಮ್ಮ ಡಾರ್ಟು. ಮೂರನೆಯದು ಡಾರ್ಟಿನ ಕೆಳಗೆ ಪಟ್ಟಿ. ಸರಿ, ಗ್ಯಾರಂಟಿ ಎಷ್ಟು ವರ್ಷ?"

ಡಾಕ್ಟರು ನಕ್ಕುಬಿಟ್ಟರು. ಆಮೇಲೆ ನನ್ನತ್ತ ತಿರುಗಿ, ಸ್ಪರ್ಶ ಮಂಕಾದೀತು, ಇನ್ನೊಂದು ಮಗುವಾದರೆ ಮತ್ತೆ ಇಳಿದೀತು, ಕಲೆ ಮಾತ್ರ ಪೂರ್ತಿ ಹೋಗುವುದಿಲ್ಲ, ಯೋಚಿಸಿ ಬನ್ನಿ ಎಂದರು.

ಯೋಚಿಸುವುದೆಂದರೆ ಅತ್ತೆಗೆ ಹೊಲಿಯುವುದು! ಹಳೇ ಪಂಚೆಯಲ್ಲಿ ಮೂರು ಜೊತೆ ಚೀಲ ಹೊಲಿದು, ಬೂರುಗದ ಹತ್ತಿ ತುಂಬಿ, ಮೂರು ವಿಧಾನದಲ್ಲೂ ಕತ್ತರಿಸಿ ಬಿಗಿದು, ಹೇಗೆ ಜೋಲುತ್ತವೆ ನೋಡಲು ಮಾಳಿಗೆಯ ಬಟ್ಟೆ ಹಗ್ಗಕ್ಕೆ ನೇತುಹಾಕಿದಳು. ಸಮುದ್ರದ ಗಾಳಿಗೆ ಆರೂ ಕುಣಿಯುತ್ತಿವೆ! ಪಕ್ಕದ ಮನೆಯ ಮಾಮಿ ಗೋಡೆಯಾಚೆಯಿಂದ ಕತ್ತು ಚಾಚಿ, ಏನಿದು ಎಂದು ಕೇಳಿದಳು, "ಎನ್ನ ಮಾಮಿ ಇದು?"

ನಾನು ನೀರಿನ ತೊಟ್ಟಿಯ ಹಿಂದೆ ಅಡಗಿದೆ. ಅತ್ತೆ ನನ್ನ ಕಡೆ ನೋಡಲೂ ಇಲ್ಲ. "ಎನಕ್ಕುತ್ತಾನ್! ಆಪರೇಷನ್!" ಎಂದು, ಅಂದರೆ ತನಗೇ ಎಂದು, ತನ್ನ ಎದೆ ಮುಟ್ಟಿಕೊಂಡು ವಿವರವಾಗಿ ಹೇಳಿದಳು. ಕಾಫಿ ಹೊತ್ತಿಗೆ ಸುದ್ದಿ ಅಪ್ಪನಿಗೆ ಮುಟ್ಟಿತು.

"ಈ ವಯಸ್ಸಲ್ಲಿ ನಿನಗೇನೇ ಬಂತು?"

"ಇಳಿದದ್ದನ್ನ ಎತ್ತಿದರೆ ತಪ್ಪೇನಣ್ಣ? ನೀನು ದಿನಾ ಪಂಚೆ ಎತ್ತಿ ಕಟ್ಟಲ್ವೇ?"

ನನಗೆ ಎರಡನೆಯದೇ ಸರಿಯೆನಿಸಿತು. ನರ್ಸಿಂಗ್ ಹೋಮಿಗೆ ಇಬ್ಬರೂ ಹೊರಟೆವು. ನನ್ನನ್ನು ನೋಡಿಕೊಳ್ಳಲು ಅವಳು, ಆದರೆ ಮನೆಗೂ ಬೀದಿಗೂ ಹೇಳಿದ್ದು, ಅವಳನ್ನು ನೋಡಿಕೊಳ್ಳಲು ನಾನು! ನಿಜ ಗೊತ್ತಿದ್ದದ್ದು ನನ್ನ ಗಂಡನಿಗೆ ಮಾತ್ರ.

ಆಪರೇಷನ್ ಆದ ಮೂರನೇ ದಿನ ಮನೆಗೆ ಹೋಗಿ ಬಂದ ಅತ್ತೆಗೆ ನಗು ತಡೆಯಲಾಗುತ್ತಿರಲಿಲ್ಲ. "ಬೆನ್ನು ನೆಟ್ಟಗೆ ಮಾಡ್ಕೊಂಡು ಬೀದಿಯಲ್ಲಿ ನಡೆದೆ ಕಣೇ. ಆ ಮಾಮಿ ಮೇಲಿಂದ ಕೆಳಗೆ ನೋಡಿ, 'ರೊಂಬ ನಲ್ಲಾ ವಂದಿರುಕ್ಕು!' ತುಂಬಾ ಚೆನ್ನಾಗಿ ಬಂದಿದೆ ಅಂದಳು!"

"ನಗಿಸಬೇಡ ಅತ್ತೆ, ಹೊಲಿಗೆ ಬಿಡುತ್ತೆ!"

ಅವಳು ಚೀಲದಿಂದ ಒಂದು ರವಿಕೆ ತೆಗೆದಳು. ಮೆತ್ತನೆಯ ಹಳೇ ಪಂಚೆಯದು, ಮುಂದೆ ಕಟ್ಟಿಕೊಳ್ಳುವ ದಾರ.

"ತಿರುವುಮುರುವಾಗಿದೆ ಅತ್ತೆ."

"ಇಲ್ಲ. ಹೊಲಿಗೆ ಎಲ್ಲಾ ಹೊರಗಡೆ ಇಟ್ಟಿದ್ದೀನಿ. ಒಳಗಿದ್ದರೆ ನಿನ್ನ ಗಾಯಕ್ಕೆ ಒತ್ತುತ್ತೆ."

ನನ್ನ ಗುಟ್ಟು ಕಾಯಲು ಬೀದಿಯ ನಗುವನ್ನೆಲ್ಲ ತನ್ನ ಮೈಮೇಲೆ ಹಾಕಿಕೊಂಡವಳು, ಈಗ ತನ್ನ ಶಾಸನವನ್ನೂ ಮುರಿದಿದ್ದಳು. ನನಗೆ ಕಣ್ಣು ತುಂಬಿ ಬಂತು. ಒಳಗೆ ಬಂದ ನರ್ಸು ಆ ರವಿಕೆ ನೋಡಿ ನಕ್ಕು, ದಾರವೆಲ್ಲ ಕಾಣ್ತಿದೆಯಲ್ಲ ಎಂದಳು.

"ಕಾಣಲಿ ಬಿಡಮ್ಮ," ಎಂದಳು ಅತ್ತೆ, ಗಂಟು ಕಟ್ಟುತ್ತಾ.