ಊಟದ ಮೇಜಿನ ಮೇಲೆ ಎರಡು ಚರಿತ್ರೆ

ಹೆಂಡತಿ: ಆಗಲ್ಲ ಅಂದ್ರೆ ಆಗಲ್ಲ. ನನ್ನಪ್ಪ ದಾರಿ ತಪ್ಪಿದವರು ಅಂತ ನನ್ನ ಮಕ್ಕಳ ಕೈಲೇ ಬರೆಸೋದಕ್ಕೆ ನನ್ನಿಂದ ಆಗಲ್ಲ.

ಅತ್ತೆ: ನಿಮ್ಮಪ್ಪನ ಹೆಸರೆಲ್ಲಿದೆ ಈ ಪುಸ್ತಕದಲ್ಲಿ? 'ಕತೋಲಿಕ ಧರ್ಮಸಭೆಯನ್ನು ತೊರೆದು ದಾರಿ ತಪ್ಪಿದವರು' ಅಂತ ಸಾಮಾನ್ಯವಾಗಿ ಹೇಳಿದ್ದಾರೆ.

ಹೆಂಡತಿ: ಸಾಮಾನ್ಯವಾಗಿ ಬೈದ್ರೂ ಬೈಗುಳ ಬೈಗುಳವೇ ಅತ್ತೆ. ನನ್ನಪ್ಪ ಸಾಯೋವರೆಗೂ ಪಾಸ್ಟರ್ ಆಗಿದ್ದವರು.

ಅತ್ತೆ: ನಿನ್ನ ಪುಸ್ತಕ ಮಾತ್ರ ಕಮ್ಮೀನಾ? ಜಪಸರ ಹಿಡಿಯೋದು ಮೂಢನಂಬಿಕೆಯಂತೆ. ಮೊಮ್ಮಕ್ಕಳು ನನ್ನ ಪಕ್ಕದಲ್ಲೇ ಕೂತು ಅದನ್ನ ಬಾಯಿಪಾಠ ಮಾಡ್ತಾರೆ, ನಾನು ಜಪಸರ ಹಿಡ್ಕೊಂಡು ಅವರ ಉಚ್ಚಾರಣೆ ತಿದ್ದಬೇಕಾ?

ಗಂಡ ಕತೋಲಿಕ, ಹೆಂಡತಿ ಪ್ರಾಟೆಸ್ಟೆಂಟ್. ಪ್ರೀತಿಸಿ ಮದುವೆಯಾಗುವಾಗ ಈ ವ್ಯತ್ಯಾಸ ಭಾನುವಾರದ ಬೆಳಗಿಗೆ ಮಾತ್ರ ಸಂಬಂಧಪಟ್ಟದ್ದು ಅಂದುಕೊಂಡಿದ್ದರು, ಪಾಪ. ಈಗ ಮಕ್ಕಳಿಬ್ಬರನ್ನೂ ಶಾಲೆ ಬಿಡಿಸಿ ಮನೆಯಲ್ಲೇ ಓದಿಸುವ ಹುಮ್ಮಸ್ಸು ಹತ್ತಿದೆ. ಕ್ರೈಸ್ತ ಚರಿತ್ರೆಯ ಪಠ್ಯಕ್ಕಾಗಿ ಎರಡು ಸೆಟ್ಟು ಪುಸ್ತಕ ತರಿಸಿದ್ದಾರೆ. ಒಂದು ಅತ್ತೆ ಆರಿಸಿದ್ದು, ಒಂದು ಸೊಸೆ ಆರಿಸಿದ್ದು. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಇವತ್ತೇ ಕೊರಿಯರ್‌ನವನ ಕೈಗೆ ವಾಪಸ್ ಕೊಡಬೇಕು. ಗಂಡನ ಕಸುಬು ಕೃತಕ ಹಲ್ಲಿನ ಸೆಟ್ಟು ತಯಾರಿಸುವುದು. ಅವನು ಮೇಜಿನ ತುದಿಯಲ್ಲಿ ಯಾರದೋ ಕೆಳದವಡೆ ಉಜ್ಜುತ್ತ, ಬಾಯಿ ಬಿಟ್ಟರೆ ಕೆಟ್ಟೆ ಎಂದು ಕೂತಿದ್ದ. ಮಕ್ಕಳು ಒಳಗಿನ ಕೋಣೆಯಲ್ಲಿ, ಚರಿತ್ರೆ ಬೇಗ ತೀರ್ಮಾನವಾಗದಿರಲಿ ಎಂದು ಪ್ರಾರ್ಥಿಸುತ್ತಿದ್ದರು. ಆ ಪ್ರಾರ್ಥನೆಯಲ್ಲಿ ಪಂಗಡದ ಭೇದ ಇರಲಿಲ್ಲ.

ಹೆಂಡತಿ: ರೀ, ನೀವಾದ್ರೂ ಹೇಳಿ.

ಗಂಡ: ಎರಡರದ್ದೂ ಬೈಂಡಿಂಗ್ ಚೆನ್ನಾಗಿದೆ.

ಅತ್ತೆ: ನೋಡಿದ್ಯಾ, ನಾನು ಹೆತ್ತ ಹುಲಿ.

ಹೆಂಡತಿ: ಬೈಂಡಿಂಗ್ ಯಾರು ಕೇಳಿದ್ರು? ಯಾವುದು ಸರಿ ಹೇಳಿ.

ಗಂಡ: ಹಲ್ಲಿನ ಸೆಟ್ಟು ಕೊಡೋ ಮುಂಚೆ ಒಂದು ಸಲ ಹಾಕಿ ನೋಡ್ತೀವಿ. ಎಲ್ಲಿ ಒತ್ತುತ್ತೆ ಅಂತ ಹಾಕ್ಕೊಂಡವರಿಗೇ ಗೊತ್ತಾಗೋದು. ಅಮ್ಮ, ನೀನು ಇವಳ ಪುಸ್ತಕದಿಂದ ಒಂದು ಪಾಠ ಮಾಡು. ನೀನು ಅಮ್ಮನ ಪುಸ್ತಕದಿಂದ ಮಾಡು.

ಅತ್ತೆ: ನನ್ನ ಬಾಯಲ್ಲೇ ನನ್ನ ಧರ್ಮಸಭೆಯನ್ನ ಬೈಯಿಸ್ತೀಯಾ?

ಗಂಡ: ನಮ್ಮಪ್ಪನ್ನ ಬೈಯೋವಾಗ ನಿಂಗೆ ಪುಸ್ತಕನೂ ಬೇಕಾಗ್ತಿರಲಿಲ್ಲ.

ಅತ್ತೆ ಕನ್ನಡಕ ಏರಿಸಿಕೊಂಡು, ಕಹಿ ಔಷಧಿ ಕುಡಿಯುವವರ ಹಾಗೆ ಮುಖ ಮಾಡಿ ಸೊಸೆಯ ಪುಸ್ತಕ ತೆರೆದರು.

ಅತ್ತೆ: 'ಆ ಕಾಲದಲ್ಲಿ ಕತೋಲಿಕ ಪಾದ್ರಿಗಳು ಪಾಪಕ್ಷಮೆಯ ಪತ್ರಗಳನ್ನು ಹಣಕ್ಕೆ ಮಾರುತ್ತಿದ್ದರು.' ಛೆ, ಛೆ.

ಹೆಂಡತಿ: ಸುಳ್ಳಾ ಅತ್ತೆ?

ಅತ್ತೆ: ಸುಳ್ಳಲ್ಲ, ಕಮ್ಮಿ ಬರೆದಿದ್ದಾರೆ. ನಮ್ಮ ಹಳೇ ಫಾದರ್ ಗಂಟೆ ಗೋಪುರ ರಿಪೇರಿ ಅಂತ ಎಷ್ಟು ಸಲ ವಂತಿಗೆ ಎತ್ತಿದ್ರು. ಗೋಪುರ ಹಾಗೇ ಇದೆ, ಅವರ ತಂಗಿ ಮನೆ ಮೇಲೆ ಮಹಡಿ ಬಂತು. ಆ ಕಾಲದವರೇ ವಾಸಿ. ದುಡ್ಡಿಗೆ ಒಂದು ಕಾಗದ ಆದ್ರೂ ಕೈಗೆ ಕೊಡ್ತಿದ್ರು.

ಸೊಸೆಗೆ ನಗು ಬಂತು. ಅದನ್ನು ನುಂಗಿಕೊಂಡು ಅತ್ತೆಯ ಪುಸ್ತಕ ಎತ್ತಿಕೊಂಡಳು.

ಹೆಂಡತಿ: 'ಸಭೆಯಿಂದ ಒಡೆದು ಹೋದವರು ತಮ್ಮತಮ್ಮಲ್ಲೇ ಮತ್ತೆ ಮತ್ತೆ ಒಡೆದರು.'

ಅತ್ತೆ: ಹೊಟ್ಟೆಕಿಚ್ಚಿನ ಮಾತು ಬಿಡು.

ಹೆಂಡತಿ: ಅಲ್ಲ ಅತ್ತೆ, ನಿಜ. ನಮ್ಮ ಸಭೆ ಎರಡಾಗಿದ್ದು ಯಾಕೆ ಗೊತ್ತಾ? ಪಾಸ್ಟರ್ ಪ್ರಸಂಗ ಮಾಡೋ ಹೊತ್ತಲ್ಲಿ ಫ್ಯಾನ್ ಹಾಕಬೇಕೋ ಬೇಡವೋ ಅಂತ. ಹಾಕಬೇಕು ಅನ್ನೋರು ಎದುರು ಬೀದೀಲಿ ಇನ್ನೊಂದು ಚರ್ಚು ಕಟ್ಟಿದ್ರು.

ಅತ್ತೆ: ಅಲ್ಲಿ ಫ್ಯಾನ್ ಹಾಕ್ತಾರಾ?

ಹೆಂಡತಿ: ಹಾಕ್ತಾರೆ. ಎಷ್ಟು ಸ್ಪೀಡಲ್ಲಿ ಅಂತ ಈಗ ಅಲ್ಲೂ ಎರಡು ಪಂಗಡ.

ಆಮೇಲೆ ಶುರುವಾಯಿತು ನೋಡಿ. ಪುಸ್ತಕಗಳು ಮಗುಚಿ ಬಿದ್ದವು. ಅತ್ತೆ ಒಬ್ಬ ಬಿಷಪ್ಪರ ಕಥೆ ಬಿಚ್ಚಿದರೆ ಸೊಸೆ ತನ್ನ ಸಭೆಯ ಇಬ್ಬರು ಹಿರಿಯರ ಕಥೆ ಬಿಚ್ಚಿದಳು. ಚರ್ಚಿನ ಗಾಯನ ತಂಡದ ಒಬ್ಬ ಹೆಂಗಸಿನ ವಿಷಯಕ್ಕೆ ಬಂದಾಗ ಇಬ್ಬರೂ ದನಿ ತಗ್ಗಿಸಿ ಕುರ್ಚಿ ಹತ್ತಿರ ಎಳೆದುಕೊಂಡರು. ಗಂಡ ಉಜ್ಜುವುದನ್ನು ನಿಲ್ಲಿಸಿದ.

ಗಂಡ: ಇಂಥಾ ಪಾಪನಿವೇದನೆಯನ್ನ ಯಾವ ಫಾದರೂ ಕೇಳಿರಲಿಕ್ಕಿಲ್ಲ.

ಅತ್ತೆ: ನಮ್ಮ ಪಾಪ ನಾವೆಲ್ಲಿ ಹೇಳಿದ್ವಿ? ಬೇರೆಯವರದ್ದು ಹೇಳ್ತಿದ್ದೀವಿ. ನೀನು ಕಿವಿ ಕೊಡಬೇಡ. ಪಾಠ ಮುಂದೆ ಓದಮ್ಮ.

ಸೊಸೆ ಓದುತ್ತಾ ಹೋದಳು; ನಂಬಿಕೆ ಬೇರೆ ಎಂದು ಎರಡೂ ಕಡೆಯವರು ಜನರನ್ನು ಜೀವಂತ ಸುಟ್ಟ ಕಾಲದ ಪಾಠ. 'ದಾರಿ ತಪ್ಪಿದವರು' ಎಂಬ ಸಾಲು ಬಂದಾಗ ಅದರ ಮೇಲೆ ಬೆರಳಿಟ್ಟು ನಿಲ್ಲಿಸಿದಳು. ಪುಸ್ತಕದಿಂದ ಕಣ್ಣೆತ್ತಲೇ ಇಲ್ಲ.

ಅತ್ತೆ: ಆ ಸಾಲು ಬಿಡು.

ಹೆಂಡತಿ: ಪಾಠದಲ್ಲಿದೆಯಲ್ಲ ಅತ್ತೆ.

ಅತ್ತೆ: ಇದ್ರೆ ಇರಲಿ. ನಿಮ್ಮ ಮದುವೇಲಿ ನಿಮ್ಮಪ್ಪ ಪ್ರಸಂಗ ಮಾಡೋಕೆ ಎದ್ದು ನಿಂತಾಗ ನಾನು ಇನ್ನು ಊಟ ಸಿಕ್ಕ ಹಾಗೇ ಅಂದ್ಕೊಂಡೆ. ಐದೇ ನಿಮಿಷ ಮಾತಾಡಿ ಕೂತ್ಕೊಂಡ್ರು. ಹಸಿದವರ ಮುಖ ನೋಡಿ ಪ್ರಸಂಗ ನಿಲ್ಲಿಸಿದವರು ಸ್ವರ್ಗಕ್ಕೆ ಹೋಗದೆ ಇನ್ನೆಲ್ಲಿಗೆ ಹೋಗ್ತಾರೆ? ನಮ್ಮ ಫಾದರ್‌ಗೇ ಅಲ್ಲಿ ಜಾಗ ಸಿಗೋದು ಕಷ್ಟ.

ಸೊಸೆ ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ಬಾಗಿಲ ಗಂಟೆ ಹೊಡೆಯಿತು. ಕೊರಿಯರ್‌ನವನು.

ಕೊರಿಯರ್‌ನವನು: ಯಾವ ಸೆಟ್ಟು ವಾಪಸ್ಸು?

ಅತ್ತೆ: ನನ್ನದು.

ಹೆಂಡತಿ: ಬೇಡ, ನನ್ನದು ತಗೊಂಡು ಹೋಗಿ.

ಗಂಡ: ಈಗ ತಾನೇ ಇಬ್ಬರೂ...

ಅತ್ತೆ: ನೀನು ಸುಮ್ನಿರು. ಇವಳಪ್ಪನ್ನ ಬೈಯೋ ಪುಸ್ತಕ ಈ ಮನೇಲಿ ಇರಕೂಡದು.

ಹೆಂಡತಿ: ನಿಮ್ಮ ಜಪಸರನ ಬೈಯೋ ಪುಸ್ತಕದಿಂದ ನಾನು ಪಾಠ ಮಾಡಲ್ಲ.

ಅತ್ತೆ: ಹಠ ಮಾಡಬೇಡ. ನಿನ್ನದೇ ಇರಲಿ.

ಹೆಂಡತಿ: ಹಿರಿಯರು ನೀವು. ನಿಮ್ಮದೇ ಇರಲಿ.

ಅತ್ತೆ: ಇದೇ ನೋಡು ನಿಮ್ಮವರ ಬುದ್ಧಿ. ದೊಡ್ಡವರ ಮಾತು ಕೇಳಿದ್ರೆ ತಾನೇ.

ಹೆಂಡತಿ: ನಿಮ್ಮವರದ್ದೂ ಅಷ್ಟೇ ಅತ್ತೆ. ತಾವು ಹೇಳಿದ್ದೇ ಕೊನೇ ಮಾತು.

ಕೊರಿಯರ್‌ನವನು: ಅಮ್ಮಾ, ಗಾಡಿ ಅಡ್ಡ ನಿಲ್ಲಿಸಿ ಬಂದಿದ್ದೀನಿ.

ಗಂಡ ಎದ್ದು, ಎರಡೂ ಸೆಟ್ಟುಗಳನ್ನು ಒಟ್ಟಿಗೆ ಎತ್ತಿ ಅವನ ಕೈಗೆ ಹೇರಿ ಬಾಗಿಲು ಹಾಕಿದ. ಮನೆಯಲ್ಲಿ ಕ್ರೈಸ್ತ ಚರಿತ್ರೆ ಖಾಲಿಯಾಯಿತು.

ಗಂಡ: ಈಗ ಮಕ್ಕಳಿಗೆ ಏನು ಕಲಿಸೋದು?

ಅತ್ತೆ: ಈ ವರ್ಷ ಲೆಕ್ಕ ಕಲಿಸು. ಉತ್ತರ ಬೇರೆ ಬಂತು ಅಂತ ಅದರಲ್ಲಿ ಯಾರೂ ಯಾರನ್ನೂ ಸುಟ್ಟಿಲ್ಲ.