ವಿನ್ನಿ ಆಂಟಿಯ ಮದುವೆ ಫೋಟೋ

ದೇವರು ನನಗೆ ರೂಪ ಕೊಡಲಿಲ್ಲ, ಕಂಠವನ್ನೂ ಕೊಡಲಿಲ್ಲ. ಮುಖ ನೋಡಿ ಮನುಷ್ಯರನ್ನು ಅಳೆಯುವ ಶಕ್ತಿಯನ್ನಾದರೂ ಕೊಟ್ಟಿದ್ದಾನಲ್ಲ ಎಂದು ಸಮಾಧಾನದಿಂದಿದ್ದೆ. ಅದೂ ಇಲ್ಲವೆಂದು ಗೊತ್ತಾದದ್ದು ಮಗಳ ಸೀಮಂತದ ಹಿಂದಿನ ಸಂಜೆ.

ಡೆಟ್ರಾಯ್ಟ್ ಬಳಿಯ ಲಿವೋನಿಯಾದಲ್ಲಿ ನಮ್ಮ ಪಕ್ಕದ ಮನೆಯವರು ವಿನ್ನಿ ಆಂಟಿ, ತೊಂಬತ್ತು ದಾಟಿದ ಅಮೆರಿಕನ್ ಅಜ್ಜಿ. ಅವರ ಹಾಲ್‌ನಲ್ಲೊಂದು ಮದುವೆಯ ಫೋಟೋ: ಚರ್ಚಿನ ಮೆಟ್ಟಿಲು, ಬಿಳಿ ಗೌನು, ಪಕ್ಕದಲ್ಲಿ ಮೀಸೆಯ ಚೆಲುವ. ಹೆಸರು ಕೇಳಿದ್ದಕ್ಕೆ ಎಡ್ವರ್ಡ್ ಎಂದಿದ್ದರು. ಎಲ್ಲಿದ್ದಾರೆ ಎಂದರೆ, ‘ಕ್ಯಾಲಿಫೋರ್ನಿಯಾದಲ್ಲಿ. ಅವನಿಗೆ ವಯಸ್ಸೇ ಆಗೋದಿಲ್ಲ’ ಎಂದು ನಕ್ಕಿದ್ದರು. ದೂರದಲ್ಲಿದ್ದರೂ ಗಂಡನ ಮೇಲೆ ಎಷ್ಟು ಅಕ್ಕರೆ ಎಂದು ನನಗೆ ಕಣ್ಣು ತುಂಬಿತ್ತು. ದೇವಸ್ಥಾನಕ್ಕೆ ಹೋದಾಗಲೆಲ್ಲ ಎಡ್ವರ್ಡರ ಆಯುಸ್ಸಿಗೆ ಅರ್ಚನೆ ಮಾಡಿಸುತ್ತಿದ್ದೆ. ಗೋತ್ರ ಗೊತ್ತಿಲ್ಲದವರಿಗೆ ಕಾಶ್ಯಪ ಗೋತ್ರವಿದೆಯಲ್ಲ, ಸದ್ಯ.

ಸೀಮಂತದಲ್ಲಿ ಮೊದಲು ಮಡಿಲು ತುಂಬಬೇಕಾದವರು ಹಿರಿಯ ಮುತ್ತೈದೆ. ಇಲ್ಲಿ ನಮ್ಮ ಗುಂಪಿನವರೆಲ್ಲ ನನ್ನ ವಾರಿಗೆಯವರು. ವಿನ್ನಿ ಆಂಟಿಯನ್ನು ಕೇಳಿದೆ, ಒಪ್ಪಿದರು. ಶಾಸ್ತ್ರ ಹೇಗೆಂದು ತೋರಿಸಲು ಒಂದು ವಿಡಿಯೋ ಕೂಡ ಕಳಿಸಿದೆ.

ಶುಕ್ರವಾರ ಸಂಜೆ ಎಳ್ಳಿನ ಚಿಗಳಿ ಕಟ್ಟುತ್ತಿದ್ದೆ. ನಮ್ಮವರು ಕೂಗಿದರು: “ಏನೇ, ಸ್ಟವ್ ಆಫ್ ಮಾಡಿ ಬಾ! ನಿನ್ನ ವಿನ್ನಿ ಆಂಟಿ ಟಿವೀಲಿ ಬರ್ತಿದಾರೆ!”

ಕಪ್ಪು-ಬಿಳುಪು. ಅದೇ ಮೆಟ್ಟಿಲು, ಅದೇ ಗೌನು, ಅದೇ ಮೀಸೆ.

“ಅವರ ಮದುವೆ ವಿಡಿಯೋ ಅಲ್ವಾ?”

“ಮದುವೆ ವಿಡಿಯೋಲಿ ಯಾರಾದ್ರೂ ಇಂಥ ಮ್ಯೂಸಿಕ್ ಹಾಕ್ತಾರಾ? ಪಿಕ್ಚರ್ ಕಣೇ.”

“ಓ ಮೈ ಗಾಡ್, ಅಮ್ಮ, ಶಿ ಈಸ್ ಗಾರ್ಜಸ್!” ಎಂದಳು ಮಗಳು.

ನೋಡನೋಡುತ್ತಿದ್ದಂತೆ ಗಾರ್ಜಸ್ ಆಂಟಿ ಉಂಗುರದೊಳಗಿನ ಪುಡಿಯನ್ನು ಗಂಡನ ಟೀಗೆ ಉದುರಿಸಿದರು. ನಾನು ಆಯುಸ್ಸು ಬೇಡಿದ್ದ ಎಡ್ವರ್ಡ್ ಎರಡೇ ಗುಟುಕಿಗೆ ಕಾರ್ಪೆಟ್ಟಿನ ಮೇಲೆ ಬಿದ್ದರು.

“ನಿನ್ನ ಅರ್ಚನೆ ಫಲಿಸಲಿಲ್ಲ ಬಿಡು,” ಎಂದರು ನಮ್ಮವರು.

ನಗು ಅವರಿಗೆ. ಮದುವೆಯೇ ಪಿಕ್ಚರಿನದಾದರೆ ಆಂಟಿ ಮುತ್ತೈದೆ ಹೇಗಾದಾರು? ಮಗಳ ಚೊಚ್ಚಲು, ಶಾಸ್ತ್ರದಲ್ಲಿ ಕೂದಲೆಳೆಯಷ್ಟು ಲೋಪವಾದರೂ ನನ್ನ ಮನಸ್ಸು ತಡೆಯದು. ನಾಳೆ ಬರಬೇಡಿ ಎಂದು ಹೇಳಿಬಿಡಲು ಹೊರಟೆ. “ಅಮ್ಮ, ಡೋಂಟ್ ಯೂ ಡೇರ್,” ಎಂದು ಮಗಳು ಕೂಗಿದ್ದು ಬಾಗಿಲು ದಾಟಿದ ಮೇಲೆ ಕೇಳಿಸಿತು.

ವಿನ್ನಿ ಆಂಟಿ ಹಸಿರು ಡ್ರೆಸ್ ತೊಟ್ಟಿದ್ದರು. ಕುರ್ಚಿಯ ಮೇಲೊಂದು ದಿಂಬನ್ನು ಕೂರಿಸಿ, ಅದರ ಮಡಿಲಿಗೆ ಅಕ್ಕಿ, ಬಾಳೆಹಣ್ಣು ಹಾಕಿ ರಿಹರ್ಸಲ್ ನಡೆಸಿದ್ದರು! ಟಿವಿಯ ವಿಷಯ ತೊದಲಿದೆ. “ಅಯ್ಯೋ, ಅದು ಸಿನಿಮಾದ ಫೋಟೋ ಅಂತ ನಿನಗೆ ಗೊತ್ತಿಲ್ವಾ?” ಎಂದು ಅವರಿಗೆ ನನಗಿಂತ ಹೆಚ್ಚು ಆಘಾತ. ನಿಜದ ಮದುವೆ ಆಗಿಯೇ ಇರಲಿಲ್ಲವಂತೆ. ಡೆಟ್ರಾಯ್ಟಿನ ಅಂಗಡಿಯಲ್ಲಿ ಹ್ಯಾಟು ಮಾರುತ್ತಿದ್ದ ಹುಡುಗಿಯನ್ನು ಯಾರೋ ಕಂಡು ಹಾಲಿವುಡ್ಡಿಗೆ ಕರೆದರಂತೆ. ಹುಬ್ಬು ತುಸು ಮೇಲಿದ್ದ ತಪ್ಪಿಗೆ ಬರೀ ವಿಷ ಹಾಕುವ ಪಾತ್ರಗಳು. ಮುಖದಲ್ಲಿ ಗೆರೆ ಮೂಡಿದ ಮೇಲೆ ಸ್ಟುಡಿಯೋದಿಂದ ಫೋನೇ ಇಲ್ಲ. ವಾಪಸು ಬಂದು ಹಲ್ಲಿನ ಡಾಕ್ಟರ ಆಫೀಸಿನಲ್ಲಿ ಬೇರೆಯವರ ಫೋನ್ ಎತ್ತುತ್ತ ರಿಟೈರಾದರು.

“ಒಳ್ಳೆಯವಳ ಪಾರ್ಟು ನನಗೆ ಯಾರೂ ಕೊಡಲಿಲ್ಲ,” ಎಂದು ದಿಂಬನ್ನು ನೇವರಿಸಿದರು. “ನೀನೇ ಮೊದಲು. ಏನೋ ಹೇಳೋಕೆ ಬಂದೆಯಲ್ಲ?”

ಗಂಟಲಲ್ಲಿದ್ದ ಮಾತು ಹೊರಳಿತು. “ಅರಿಶಿನ ಬಲಗೈಯಲ್ಲಿ ಹಚ್ಚಬೇಕು, ಆಂಟಿ,” ಎಂದೆ.

ಮರುದಿನ ಅವರು ಮಗಳ ಕೈಗೆ ಹಸಿರು ಬಳೆ ತೊಡಿಸಿ, ಗಲ್ಲಕ್ಕೆ ಅರಿಶಿನ ಸವರಿ, ತಲೆ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದರು. ಅದು ನಟನೆಯೋ ಹರಕೆಯೋ ನಾನರಿಯೆ. ನೆರೆದ ಹೆಂಗಸರೆಲ್ಲ ಕಣ್ಣೊರೆಸಿಕೊಂಡರು. ಆನ್ ಆರ್ಬರ್‌ನಿಂದ ಬಂದಿದ್ದ ಗೆಳತಿ ಶೈಲಜಾ ನನ್ನ ಸೆರಗು ಜಗ್ಗಿದಳು.

“ಮುಂದಿನ ತಿಂಗಳು ನನ್ನ ಸೊಸೆಗೂ ಇವರೇ ಬೇಕು ಕಣ್ರೀ. ಎಂಥಾ ಕಳೆ! ಅಂದ್ಹಾಗೆ, ಯಜಮಾನ್ರು ಬರ್ಲಿಲ್ವಾ?”

ಶನಿವಾರ ಬೇರೆ, ಉಪವಾಸ ಬೇರೆ, ಬಾಯಲ್ಲಿ ಸುಳ್ಳು ಬರಕೂಡದು.

“ಅವರು ಊರಲ್ಲಿಲ್ಲ,” ಎಂದೆ. ಯಾವ ಊರೆಂದು ಅವಳು ಕೇಳಲಿಲ್ಲ, ಯಾವ ಊರಲ್ಲೂ ಇಲ್ಲ ಎಂದು ನಾನೂ ಹೇಳಲಿಲ್ಲ. “ಆಂಟಿಗೆ ಈಗ ತುಂಬಾ ಡಿಮ್ಯಾಂಡು, ಡೇಟ್ ಬೇಗ ತಿಳಿಸಿ,” ಎಂದು ಮಾತ್ರ ಸೇರಿಸಿದೆ.